ಟುವೊಲ್ ಸ್ಲೆಂಗ್‌ನ ಆಡಿಯೊ ಗೈಡ್: ಸಮಾನತೆಯನ್ನು ಹೇರಿದ ನಾಡಿನ ಸೆರೆಮನೆಯಲ್ಲಿ

ಕಾಂಬೋಡಿಯಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಆಂಕೋರ್ ವಾಟ್ ನೋಡಲೆಂದು ಹೋಗುತ್ತಾರೆ; ರಾಜಧಾನಿ ನಾಮ್ ಪೆನ್ ಅವರ ಪಾಲಿಗೆ ಒಂದು ರಾತ್ರಿ ತಂಗುವ ಊರು. ಆ ಊರಿನ ನಡುವೆಯೇ ಇರುವ ಟುವೊಲ್ ಸ್ಲೆಂಗ್ ನರಮೇಧ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನವನ್ನಾದರೂ ಕೊಡಬೇಕು, ಕೊಡುವುದಾದರೆ ಅಲ್ಲಿ ಬಾಡಿಗೆಗೆ ಸಿಗುವ ಆಡಿಯೊ ಗೈಡನ್ನು ತೆಗೆದುಕೊಂಡೇ ಒಳಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಈ ವಿಮರ್ಶೆ ಆ ಸೇವೆಯನ್ನು ಕುರಿತದ್ದು. ಆದರೆ ಅದರ ಬೆಲೆಯನ್ನು ತೂಗಬೇಕಾದರೆ, ಅದು ಏನನ್ನು ವಿವರಿಸಲು ಹೊರಟಿದೆಯೋ ಅದನ್ನು ಕುರಿತೂ ತುಸು ದೀರ್ಘವಾಗಿಯೇ ಹೇಳಬೇಕಾಗುತ್ತದೆ. ಈ ಜಾಗವನ್ನು ಬರಿಯ ಚಿತ್ರಹಿಂಸೆಯ ಮನೆಯೆಂದು ನೋಡಿಬಂದವರು ಅದರ ಅರ್ಧವನ್ನಷ್ಟೇ ನೋಡಿರುತ್ತಾರೆ. 1975ರಿಂದ 1979ರವರೆಗೆ ಕಾಂಬೋಡಿಯವನ್ನು ಆಳಿದ ಖಮೇರ್ ರೂಜ್ ಎಂಬ ಕಮ್ಯುನಿಸ್ಟರು, ಮನುಷ್ಯರೆಲ್ಲರನ್ನೂ ಸರಿಸಮಾನರನ್ನಾಗಿ ಮಾಡುತ್ತೇವೆಂದು ಹೊರಟವರು, ಆ ಸಮಾನತೆಗೆ ಒಗ್ಗದ ಎಲ್ಲವನ್ನೂ ಮನುಷ್ಯನಿಂದ ಒಂದೊಂದಾಗಿ ಕಿತ್ತುಕೊಳ್ಳುತ್ತ ಹೋಗಿ ಕೊನೆಗೆ ಬಂದು ನಿಂತ ಸ್ಥಳ ಇದು. ಆ ದಾರಿಯನ್ನು ಗುರುತಿಸಿಕೊಂಡು ನಡೆದರೆ ಮಾತ್ರ ಇಲ್ಲಿನ ಕೋಣೆಗಳು ಅರ್ಥ ಬಿಟ್ಟುಕೊಡುತ್ತವೆ.

ಮೊದಲು ವ್ಯವಹಾರದ ಮಾತು. ಸಂಗ್ರಹಾಲಯ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ವಿದೇಶಿ ವಯಸ್ಕರಿಗೆ ಪ್ರವೇಶ ಮತ್ತು ಆಡಿಯೊ ಗೈಡ್ ಎರಡೂ ಸೇರಿ ಹತ್ತು ಡಾಲರ್ ಮೀರುವುದಿಲ್ಲ. ಕೈಗೊಂದು ಸಣ್ಣ ಯಂತ್ರ, ಕಿವಿಗೆ ಹೆಡ್‌ಫೋನ್. ಆವರಣದ ಪ್ರತಿ ನಿಲುಗಡೆಗೂ ಒಂದು ಸಂಖ್ಯೆಯಿದ್ದು, ಅದನ್ನು ಒತ್ತಿದರೆ ಆ ಜಾಗದ ವಿವರಣೆ ಶುರುವಾಗುತ್ತದೆ. ಹಲವು ಭಾಷೆಗಳಲ್ಲಿ ನಿರೂಪಣೆ ಲಭ್ಯವಿದೆ, ಕನ್ನಡದಲ್ಲಿ ಇಲ್ಲ; ಆದರೆ ಇಂಗ್ಲಿಷ್ ನಿರೂಪಣೆ ತಿಳಿಯಾಗಿದೆ, ಅವಸರವಿಲ್ಲದ್ದು, ನಾಟಕೀಯತೆಯಿಂದ ದೂರ ಉಳಿದದ್ದು. ಈ ಸೇವೆಯ ಮೊದಲ ದೊಡ್ಡ ಗುಣವೇ ಈ ಸಂಯಮ. ಇಂಥ ಜಾಗದಲ್ಲಿ ಗುಂಪನ್ನು ಹಿಂದಿಟ್ಟುಕೊಂಡು ಜೋರಾಗಿ ವಿವರಿಸುವ ಧ್ವನಿ ಯಾರಿಗೂ ಬೇಡ. ಇಲ್ಲಿ ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು ಕೇಳುತ್ತಾರೆ, ತಡೆಯಲಾಗದಾಗ ನಿಲ್ಲಿಸುತ್ತಾರೆ, ಅಂಗಳದ ಮರಗಳ ಕೆಳಗಿನ ಬೆಂಚಿನಲ್ಲಿ ಕುಳಿತು ಮುಂದುವರಿಸುತ್ತಾರೆ. ನೂರಾರು ಜನರಿರುವ ಆವರಣ ನಿಶ್ಶಬ್ದವಾಗಿರುವುದಕ್ಕೆ ಈ ವ್ಯವಸ್ಥೆಯೂ ಒಂದು ಕಾರಣ.

ಗೇಟು ದಾಟಿದೊಡನೆ ಕಾಣುವುದು ಸೆರೆಮನೆಯಲ್ಲ, ಶಾಲೆ. ಮೂರು ಅಂತಸ್ತಿನ ಕಟ್ಟಡಗಳು, ಉದ್ದನೆಯ ಮೊಗಸಾಲೆಗಳು, ನಡುವೆ ಹುಲ್ಲಿನ ಅಂಗಳ, ಮಕ್ಕಳ ವ್ಯಾಯಾಮಕ್ಕೆಂದು ನೆಟ್ಟಿದ್ದ ಮರದ ಕಂಬಗಳು. ಇದು ಒಂದು ಪ್ರೌಢಶಾಲೆಯಾಗಿತ್ತು. ಖಮೇರ್ ರೂಜ್ ಆಡಳಿತ ಇದನ್ನು ಎಸ್-21 ಎಂಬ ಗುಪ್ತ ಬಂದಿಖಾನೆಯನ್ನಾಗಿ ಮಾಡಿತು. ಆ ವ್ಯಾಯಾಮದ ಕಂಬಗಳನ್ನೇ ಕೈದಿಗಳನ್ನು ತಲೆಕೆಳಗಾಗಿ ನೇತುಹಾಕಲು ಬಳಸಲಾಯಿತು. ಇದರ ಮುಖ್ಯಸ್ಥನಾಗಿದ್ದ ಕಾಯಿಂಗ್ ಗೆಕ್ ಇಯಾವ್, ಅಂದರೆ ಡುಯಿಕ್, ಒಂದು ಕಾಲದಲ್ಲಿ ಗಣಿತದ ಮೇಷ್ಟ್ರು. ಆಡಳಿತದ ಪರಮೋಚ್ಚ ನಾಯಕ ಪೋಲ್ ಪಾಟ್ ಕೂಡ ಪ್ಯಾರಿಸ್ಸಿನಿಂದ ಮರಳಿದ ಮೇಲೆ ಕೆಲವು ವರ್ಷ ಪಾಠ ಹೇಳಿದವನೇ. ಓದುಬರಹ ಬಲ್ಲವರು, ಪಾಠ ಹೇಳುತ್ತಿದ್ದವರು ಶಾಲೆಯನ್ನು ಹೀಗೆ ಮಾಡಿದರೆಂಬುದು ತಲೆಯಲ್ಲಿ ಕೂರುವುದಕ್ಕೆ ಸಮಯ ಬೇಕು, ಮತ್ತು ನಿರೂಪಣೆ ಆ ಸಮಯವನ್ನು ಕೊಡುತ್ತದೆ.

ಆದರೆ ಕಥೆ ಈ ಕಟ್ಟಡದಿಂದ ಶುರುವಾದದ್ದಲ್ಲ. 1975ರ ಏಪ್ರಿಲ್ 17ರಂದು ಖಮೇರ್ ರೂಜ್ ಪಡೆಗಳು ನಾಮ್ ಪೆನ್ ಪ್ರವೇಶಿಸಿದಾಗ, ವರ್ಷಗಟ್ಟಲೆ ಅಂತರ್ಯುದ್ಧ ನೋಡಿ ಸೋತಿದ್ದ ಜನ ಇನ್ನಾದರೂ ನೆಮ್ಮದಿಯೆಂದು ಬೀದಿಗಿಳಿದು ಸ್ವಾಗತಿಸಿದ್ದರು. ಕೆಲವೇ ಗಂಟೆಗಳಲ್ಲಿ, ಅಮೆರಿಕನ್ನರು ಬಾಂಬು ಹಾಕುತ್ತಾರೆ, ಎರಡು ಮೂರು ದಿನದ ಮಟ್ಟಿಗೆ ಊರು ಬಿಡಿ ಎಂಬ ಆಜ್ಞೆ ಹೊರಟಿತು. ನಿರಾಶ್ರಿತರೂ ಸೇರಿ ಸುಮಾರು ಇಪ್ಪತ್ತು ಲಕ್ಷ ಮಂದಿಯಿದ್ದ ನಗರ ಬರಿದಾಯಿತು. ಆಸ್ಪತ್ರೆಯ ರೋಗಿಗಳನ್ನೂ ಮಂಚದ ಸಮೇತ ರಸ್ತೆಗೆ ತಳ್ಳಲಾಯಿತು. ಆ ಎರಡು ಮೂರು ದಿನಗಳು ಮೂರು ವರ್ಷ ಎಂಟು ತಿಂಗಳುಗಳಾದವು. ನಗರಗಳೇ ಅಸಮಾನತೆಯ ಬೇರು ಎಂದು ಅವರು ಭಾವಿಸಿದ್ದರಿಂದ ನಗರಗಳು ಹೋದವು. ಹಣ ಅಸಮಾನತೆಯ ಸಾಧನವಾದ್ದರಿಂದ ಹಣ ಹೋಯಿತು. ಹೊಸ ಆಡಳಿತ ಅಚ್ಚು ಹಾಕಿಸಿದ್ದ ನೋಟುಗಳು ಕೂಡ ಚಲಾವಣೆಗೆ ಬರಲೇ ಇಲ್ಲ, ರಾಷ್ಟ್ರೀಯ ಬ್ಯಾಂಕಿನ ಕಟ್ಟಡವನ್ನು ಸ್ಫೋಟಿಸಲಾಯಿತು. ಮಾರುಕಟ್ಟೆ, ಅಂಚೆ, ನ್ಯಾಯಾಲಯ, ಖಾಸಗಿ ಆಸ್ತಿ ಎಲ್ಲವೂ ಹೋದವು. ಭಿಕ್ಷುಗಳ ಕಾವಿ ಕಳಚಿಸಿ ಗದ್ದೆಗೆ ಕಳುಹಿಸಿದರು.

ಇದೆಲ್ಲ ಬರಿಯ ಕ್ರೌರ್ಯದಿಂದ ಹುಟ್ಟಿದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕು. 1976ರ ಜನವರಿಯಲ್ಲಿ ಈ ಆಡಳಿತ ಹೊರಡಿಸಿದ ಸಂವಿಧಾನವನ್ನು ಓದಿದರೆ ಅದು ಬಡವ ಬಲ್ಲಿದರಿಲ್ಲದ, ಶೋಷಕ ಶೋಷಿತರಿಲ್ಲದ ಸಮಾಜವನ್ನು ಕುರಿತು ಮಾತಾಡುತ್ತದೆ. ಅದರ 13ನೇ ವಿಧಿ ಜನರೆಲ್ಲರ ನಡುವೆ ಸಂಪೂರ್ಣ ಸಮಾನತೆ ಇರತಕ್ಕದ್ದೆಂದೂ, ಗಂಡು ಹೆಣ್ಣು ಎಲ್ಲ ರೀತಿಯಲ್ಲೂ ಸಮಾನರೆಂದೂ ಸಾರುತ್ತದೆ. ಅದಕ್ಕೂ ಹಿಂದಿನ ವಿಧಿ ನಾಡಿನಲ್ಲಿ ನಿರುದ್ಯೋಗವೇ ಇಲ್ಲವೆನ್ನುತ್ತದೆ. ಜಾತಿಯ ಕಹಿ ಉಂಡ ನಾಡಿನಿಂದ ಬಂದ ಓದುಗನಿಗೆ ಆ ವಾಕ್ಯಗಳು ಹಿತವಾಗಿಯೇ ಕೇಳಿಸುತ್ತವೆ. ಹಿತವಾಗಿ ಕೇಳಿಸುವುದರಿಂದಲೇ ಅವುಗಳನ್ನು ಓದಿಕೊಂಡು ಇಲ್ಲಿಗೆ ಬರಬೇಕು. ಸಮಾನತೆ ಬೇಕೆಂದು ಬಯಸಿದ್ದು ತಪ್ಪಲ್ಲ. ಹಕ್ಕಿನಲ್ಲಿ, ಘನತೆಯಲ್ಲಿ, ನ್ಯಾಯದಲ್ಲಿ ಇರಬೇಕಾದ ಸಮಾನತೆಯನ್ನು ಅವರು ಊಟದಲ್ಲಿ, ಉಡುಪಿನಲ್ಲಿ, ಕೂದಲಿನ ಉದ್ದದಲ್ಲಿ, ಪ್ರೀತಿಯಲ್ಲಿ, ದುಃಖದಲ್ಲಿ ಕೂಡ ತರಲು ಹೊರಟರು. ಅಂಥ ಸಮಾನತೆ ತಾನಾಗಿ ಬರುವುದಿಲ್ಲವಾದ್ದರಿಂದ ಹಗಲಿರುಳು ಕಾಯುವ ಕಣ್ಣು ಬೇಕಾಯಿತು. ಕಾಯುವ ಕಣ್ಣಿಗೆ ಕಾಯಲ್ಪಡುವವರು ಎಂದೂ ಸಮಾನರಾಗಿರಲಿಲ್ಲ.

ಎಲ್ಲರಿಗೂ ಕಪ್ಪು ಉಡುಪು, ಹೆಂಗಸರಿಗೆ ಕತ್ತಿನ ಮಟ್ಟಕ್ಕೆ ಕತ್ತರಿಸಿದ ಕೂದಲು, ಎಲ್ಲರಿಗೂ ಗದ್ದೆ ಮತ್ತು ಕಾಲುವೆಯ ಕೆಲಸ. ಮನೆಯ ಒಲೆಯನ್ನು ನಿಷೇಧಿಸಿ ಸಾಮೂಹಿಕ ಊಟವನ್ನು ಕಡ್ಡಾಯ ಮಾಡಿದ್ದು ಇದರಲ್ಲೆಲ್ಲ ಬಹಳ ಆಳಕ್ಕೆ ಇಳಿದ ಏರ್ಪಾಡು. ನಮ್ಮ ಮಠಗಳ ದಾಸೋಹದಲ್ಲೂ ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಅನ್ನ, ಒಂದೇ ಸಾರು; ಆದರೆ ಉಂಡವರು ಎದ್ದು ತಮ್ಮ ಮನೆಗೆ ಹೋಗಿ ತಮ್ಮ ಒಲೆ ಹಚ್ಚಿಕೊಳ್ಳಬಹುದು. ಇಲ್ಲಿ ಪಾತ್ರೆಪಡಗಗಳು ಸಾಮೂಹಿಕ ಸ್ವತ್ತಾದವು, ಹಸಿವು ತಾಳದೆ ಏಡಿಯನ್ನೋ ಗೆಣಸನ್ನೋ ಹುಡುಕಿ ಗುಟ್ಟಾಗಿ ಬೇಯಿಸಿಕೊಂಡವರು ಸಮೂಹದ ದ್ರೋಹಿಗಳಾದರು, ಅದಕ್ಕಾಗಿ ಕೊಲೆಯಾದರು. ತಟ್ಟೆಗೆ ಬರುತ್ತಿದ್ದದ್ದು ಹೆಚ್ಚಿನ ಕಡೆ ನಾಲ್ಕು ಅಗುಳು ತೇಲುವ ಗಂಜಿ. ಗಂಜಿ ತೆಳ್ಳಗಾದದ್ದಕ್ಕೂ ಕಾರಣವಿತ್ತು. 1976ರ ಯೋಜನೆಯ ಪ್ರಕಾರ ಹೆಕ್ಟೇರಿಗೆ ಮೂರು ಟನ್ ಭತ್ತ ಬೆಳೆಯಬೇಕಿತ್ತು. ಅದು ಅಲ್ಲಿನ ಹಿಂದಿನ ಇಳುವರಿಯ ದುಪ್ಪಟ್ಟಿಗೂ ಮಿಗಿಲು. ಬೆಳೆಯಲಾಗಲಿಲ್ಲವೆಂದು ಹೇಳುವ ಧೈರ್ಯ ಯಾವ ಸ್ಥಳೀಯ ಅಧಿಕಾರಿಗೂ ಇರಲಿಲ್ಲ. ಬೆಳೆದೆವೆಂದು ಸುಳ್ಳು ಲೆಕ್ಕ ಕೊಟ್ಟರು, ಆ ಸುಳ್ಳು ಲೆಕ್ಕಕ್ಕೆ ತಕ್ಕಷ್ಟು ಅಕ್ಕಿಯನ್ನು ಸರ್ಕಾರ ಎತ್ತಿಕೊಂಡು ಹೋಯಿತು, ಬೆಳೆದವರು ಗದ್ದೆಯಂಚಿನಲ್ಲೇ ಹಸಿದು ಸತ್ತರು.

ಸಮಾನತೆಯ ಈ ನಾಡಿನಲ್ಲಿ ಶ್ರೇಣಿ ಇರಲಿಲ್ಲವೆಂದಲ್ಲ. ಮೊದಲಿನಿಂದ ಕ್ರಾಂತಿಯ ಪ್ರದೇಶದಲ್ಲಿದ್ದ ಹಳ್ಳಿಗರು ‘ಮೂಲ ಜನ’ರಾದರೆ, ನಗರಗಳಿಂದ ಹೊರದಬ್ಬಿಸಿಕೊಂಡವರು ‘ಹೊಸ ಜನ’ರಾದರು, ಕೆಲಸ, ಊಟ, ಅನುಮಾನ, ಸಾವು ಎಲ್ಲವೂ ಈ ಗುರುತಿನ ಪ್ರಕಾರ ಹಂಚಿಕೆಯಾಗುತ್ತಿದ್ದವು. ಹೊಸ ಜನರನ್ನು ಕುರಿತು ಚಾಲ್ತಿಯಲ್ಲಿದ್ದ ಮಾತು ಇದು: ಉಳಿಸಿಕೊಂಡರೆ ಲಾಭವಿಲ್ಲ, ಕಳೆದುಕೊಂಡರೆ ನಷ್ಟವಿಲ್ಲ. ಇವರೆಲ್ಲರ ಮೇಲೆ ಇದ್ದದ್ದು ‘ಅಂಗ್ಕಾರ್’, ಅಂದರೆ ಸಂಘಟನೆ. ಆಜ್ಞೆ ಮಾಡುತ್ತಿದ್ದದ್ದು ಅಂಗ್ಕಾರ್, ಮದುವೆ ಮಾಡಿಸುತ್ತಿದ್ದದ್ದು ಅಂಗ್ಕಾರ್, ಕರೆದೊಯ್ಯುತ್ತಿದ್ದದ್ದು ಅಂಗ್ಕಾರ್. ಅದರ ಹಿಂದೆ ಒಂದು ಕಮ್ಯುನಿಸ್ಟ್ ಪಕ್ಷವಿದೆ ಎಂಬುದನ್ನೇ 1977ರ ಸೆಪ್ಟೆಂಬರಿನವರೆಗೆ ಬಹಿರಂಗವಾಗಿ ಹೇಳಿರಲಿಲ್ಲ. ಅಂಗ್ಕಾರಿಗೆ ಅನಾನಸಿನಷ್ಟು ಕಣ್ಣುಗಳಿವೆ ಎಂದು ಜನ ಪಿಸುಗುಟ್ಟುತ್ತಿದ್ದರು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ, ಮನೆಯವರ ಮಾತನ್ನೇ ವರದಿ ಮಾಡುವಂತೆ ಕಲಿಸಿದ ಮೇಲೆ ಆ ಕಣ್ಣುಗಳು ಎಲ್ಲಿ ಬೇಕಾದರೂ ಇರಬಹುದಿತ್ತು. ಒಬ್ಬರನ್ನೊಬ್ಬರು ಸರಿಯಾಗಿ ನೋಡಿಯೂ ಇರದ ಯುವಕ ಯುವತಿಯರನ್ನು ಸಾಲಾಗಿ ಕೂರಿಸಿ, ಅಂಗ್ಕಾರಿಗೆ ನಿಷ್ಠರಾಗಿರುತ್ತೇವೆಂದು ಹೇಳಿಸಿ ಮದುವೆ ಮಾಡಿಸಿದ್ದನ್ನು ವಿಶ್ವಸಂಸ್ಥೆಯ ನೆರವಿನ ನ್ಯಾಯಮಂಡಳಿ 2018ರ ತೀರ್ಪಿನಲ್ಲಿ ಮಾನವತೆಯ ವಿರುದ್ಧದ ಅಪರಾಧವೆಂದು ಹೇಳಿತು.

ಇಷ್ಟನ್ನು ತಿಳಿದು ಒಳಗೆ ಹೋದವರಿಗೆ ಬಿ ಕಟ್ಟಡದ ಭಾವಚಿತ್ರಗಳು ಬೇರೆಯಾಗಿಯೇ ಕಾಣುತ್ತವೆ. ಇಲ್ಲಿಗೆ ತಂದ ಪ್ರತಿಯೊಬ್ಬರ ಫೋಟೋ ತೆಗೆಯುವುದು ಕಚೇರಿಯ ನಿಯಮವಾಗಿತ್ತು. ಸಾಲು ಸಾಲು ಕಪ್ಪು ಬಿಳುಪು ಮುಖಗಳು: ಒಂದೇ ಅಳತೆ, ಒಂದೇ ಹಿನ್ನೆಲೆ, ಹೆಚ್ಚಿನವರಿಗೆ ಒಂದೇ ಬಗೆಯ ಕಪ್ಪಂಗಿ, ಎದೆಯ ಮೇಲೆ ಸಂಖ್ಯೆ. ಕ್ರಾಂತಿ ಬಯಸಿದ್ದ ಏಕರೂಪತೆ ಪೂರ್ತಿಯಾಗಿ ಕೈಗೂಡಿದ್ದು ಈ ಗೋಡೆಯ ಮೇಲೆ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಹತ್ತಿರ ಹೋಗಿ ಒಂದೊಂದೇ ಮುಖ ನೋಡತೊಡಗಿದಾಗ ಅದು ಸುಳ್ಳೆಂದು ತಿಳಿಯುತ್ತದೆ. ಒಬ್ಬಳು ತಾಯಿ ಮಡಿಲಲ್ಲಿ ಮಗುವನ್ನಿಟ್ಟುಕೊಂಡೇ ಕ್ಯಾಮೆರಾ ಎದುರು ಕುಳಿತಿದ್ದಾಳೆ. ಇನ್ನೊಬ್ಬ ಹುಡುಗ ದಿಟ್ಟಿಸಿ ನೋಡುತ್ತಿದ್ದಾನೆ, ಅವನ ಪಕ್ಕದವನಿಗೆ ಏನಾಗುತ್ತಿದೆಯೆಂದೇ ತಿಳಿದಂತಿಲ್ಲ. ಸಂಖ್ಯೆ ತಗುಲಿಸಿದ ಮೇಲೂ ಯಾವ ಎರಡು ಮುಖಗಳೂ ಒಂದಾಗಿಲ್ಲ. ಈ ಕೋಣೆಗಳಲ್ಲಿ ಆಡಿಯೊ ಗೈಡ್ ಕೇಳಿಸುವ ಒಂದೆರಡು ವ್ಯಕ್ತಿಗಳ ಕಥೆಗಳನ್ನು ಕೇಳಿ, ಉಳಿದ ಹೊತ್ತು ಯಂತ್ರವನ್ನು ನಿಲ್ಲಿಸಿ ಸುಮ್ಮನೆ ನೋಡುವುದು ಒಳ್ಳೆಯದು.

ಸಿ ಕಟ್ಟಡದ ಹೊರಮೈಗೆ ಮುಳ್ಳುತಂತಿಯ ಬಲೆ ಹಾಗೆಯೇ ಇದೆ. ಕೈದಿಗಳು ಮೇಲಿನಿಂದ ಹಾರಿ ಜೀವ ಕಳೆದುಕೊಳ್ಳದಿರಲೆಂದು ಹಾಕಿದ್ದು ಅದು. ಸಾಯುವ ಹೊತ್ತನ್ನು ಕೂಡ ಆಡಳಿತವೇ ನಿರ್ಧರಿಸಬೇಕಿತ್ತು. ಒಳಗೆ ತರಗತಿಯ ಕೋಣೆಗಳನ್ನು ಇಟ್ಟಿಗೆಯ ಅಡ್ಡಗೋಡೆಗಳಿಂದ 0.8 ಮೀಟರ್ ಅಗಲ, 2 ಮೀಟರ್ ಉದ್ದದ ಗೂಡುಗಳಾಗಿ ವಿಭಾಗಿಸಿದ್ದಾರೆ. ಅಡ್ಡಗೋಡೆಗಳ ಕೆಲಸ ಒರಟು, ಸಿಮೆಂಟು ಅಲ್ಲಲ್ಲಿ ಸುರಿದು ಹಾಗೆಯೇ ಗಟ್ಟಿಯಾಗಿದೆ; ನಡುವೆ ಓಡಾಡಲು ಗೋಡೆಗಳಲ್ಲಿ ದಾರಿ ಒಡೆದಿದ್ದಾರೆ. ಒಂದು ಗೂಡಿನಲ್ಲಿ ನಿಂತು ಎರಡು ಕೈ ಚಾಚಲು ಹೋದರೆ ಮೊಣಕೈ ಗೋಡೆಗೆ ತಗಲುತ್ತದೆ. ನೆಲದ ಮೇಲೆ ಸರಪಳಿ ಬಿಗಿಯುವ ಕೊಂಡಿ. ದೊಡ್ಡ ಕೋಣೆಗಳಲ್ಲಿ ಹತ್ತಾರು ಜನರನ್ನು ಒಂದೇ ಉದ್ದನೆಯ ಕಬ್ಬಿಣದ ಸರಳಿಗೆ ಕಾಲು ಕಟ್ಟಿ ಮಲಗಿಸುತ್ತಿದ್ದರು. ಮಗ್ಗುಲು ಬದಲಿಸುವುದಕ್ಕೂ ಕಾವಲುಗಾರನ ಅಪ್ಪಣೆ ಬೇಕಿತ್ತು. ಎ ಕಟ್ಟಡದ ಕಬ್ಬಿಣದ ಮಂಚಗಳನ್ನೂ, ಡಿ ಕಟ್ಟಡದ ಉಪಕರಣಗಳನ್ನೂ ಇಲ್ಲಿ ವರ್ಣಿಸುವುದಿಲ್ಲ.

ಇಲ್ಲಿ ಸತ್ತವರೆಂದು ನ್ಯಾಯಮಂಡಳಿ ಗುರುತಿಸಿದ ಸಂಖ್ಯೆ 12,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಮಂದಿ ಹಳೆಯ ಆಡಳಿತದ ಶ್ರೀಮಂತರಲ್ಲ, ಖಮೇರ್ ರೂಜ್‌ನ ಸ್ವಂತ ಕಾರ್ಯಕರ್ತರು, ಸೈನಿಕರು ಮತ್ತು ಅವರ ಹೆಂಡತಿ ಮಕ್ಕಳು. ಆಡಳಿತದ ಪ್ರಚಾರ ಸಚಿವನೇ ಆಗಿದ್ದ ಹು ನಿಮ್ 1977ರಲ್ಲಿ ಇಲ್ಲಿಗೆ ಬಂದು, ತಾನು ವಿದೇಶಿ ಬೇಹುಗಾರನೆಂದು ಪುಟಗಟ್ಟಲೆ ಬರೆದುಕೊಟ್ಟು ಕೊಲೆಯಾದ. ಹೆಕ್ಟೇರಿಗೆ ಮೂರು ಟನ್ ಬರಲಿಲ್ಲವೆಂದರೆ ಯೋಜನೆ ತಪ್ಪೆಂದು ಒಪ್ಪುವಂತಿರಲಿಲ್ಲ, ಆದ್ದರಿಂದ ಯಾರೋ ಹಾಳುಗೆಡವುತ್ತಿರಬೇಕು. ಹಾಳುಗೆಡವುವವರ ಪಟ್ಟಿಯನ್ನು ಒದಗಿಸುವುದೇ ಈ ಕಚೇರಿಯ ಕೆಲಸವಾಗಿತ್ತು. ಒಬ್ಬನ ತಪ್ಪೊಪ್ಪಿಗೆ ಹತ್ತು ಹೆಸರು ಕೊಡುತ್ತಿತ್ತು, ಆ ಹತ್ತು ಜನರನ್ನು ಹಿಡಿದು ತರುತ್ತಿದ್ದರು. ಯಾರೂ ತಪ್ಪು ಮಾಡಲು ಸಾಧ್ಯವಿಲ್ಲದ ವ್ಯವಸ್ಥೆಯನ್ನು ಕಲ್ಪಿಸಿಕೊಂಡವರಿಗೆ, ಕೈತಪ್ಪಿದ ಪ್ರತಿಯೊಂದಕ್ಕೂ ಒಬ್ಬ ದ್ರೋಹಿ ಬೇಕಾಗುತ್ತಾನೆ. ಈ ಸಂಬಂಧವನ್ನು ನಿರೂಪಣೆ ಹೇಳುತ್ತದೆಯಾದರೂ, ಕೇಳುಗರ ಗಮನ ಹಿಂಸೆಯ ವಿವರಗಳ ಕಡೆಗೆ ಹರಿದುಹೋಗುವುದರಿಂದ ಅದು ಜಾರಿಹೋಗುವ ಸಂಭವವೇ ಹೆಚ್ಚು.

ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಅವರು ಉಳಿದ ರೀತಿಯನ್ನು ಗಮನಿಸಬೇಕು. ವಾನ್ ನಾಥ್ ಮತ್ತು ಬೌ ಮೆಂಗ್ ಚಿತ್ರಕಾರರು. ನಾಯಕನ ಭಾವಚಿತ್ರ ಬರೆಯಲು ಬೇಕಾಗಿದ್ದರು. ಚುಮ್ ಮೇ ಮೆಕ್ಯಾನಿಕ್; ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡಬಲ್ಲವನಾಗಿದ್ದ. ಎಲ್ಲ ಕೈಗಳೂ ಒಂದೇ ಎಂದು ಎಲ್ಲರಿಗೂ ಗುದ್ದಲಿ ಹಿಡಿಸಿದ ಆಡಳಿತಕ್ಕೂ, ಎಲ್ಲರಿಗೂ ಬಾರದ ವಿದ್ಯೆಯುಳ್ಳ ಕೈಯೊಂದರ ಅಗತ್ಯ ತಪ್ಪಲಿಲ್ಲ. 2011ರಲ್ಲಿ ತೀರಿಕೊಂಡ ವಾನ್ ನಾಥ್, ತಾನು ಕಂಡದ್ದನ್ನೂ ಕೇಳಿದ್ದನ್ನೂ ಮುಂದೆ ಚಿತ್ರಗಳಲ್ಲಿ ಬರೆದರು; ಆ ಚಿತ್ರಗಳು ಇಲ್ಲಿಯೇ ಇವೆ. ಡುಯಿಕ್‌ನ ಮೇಲಿನ ವಿಚಾರಣೆಯಲ್ಲಿ ಈ ಮೂವರೂ ಸಾಕ್ಷ್ಯ ನುಡಿದರು. 2010ರಲ್ಲಿ ಶಿಕ್ಷೆಯಾಗಿ, 2012ರಲ್ಲಿ ಅದು ಜೀವಾವಧಿಗೆ ಏರಿ, ಅವನು 2020ರಲ್ಲಿ ಸತ್ತ.

ಇಲ್ಲಿನ ಮುಖಗಳಲ್ಲಿ ಒಂದನ್ನು ಮಾತ್ರ ಹೆಸರು ಹಿಡಿದು ಹೇಳುತ್ತೇನೆ. ಹೌಟ್ ಬೊಫಾನಾ ಎಂಬ ತರುಣಿಯ ಅಪರಾಧ, ಕ್ರಾಂತಿಯ ಕಾರ್ಯಕರ್ತನಾಗಿದ್ದ ತನ್ನ ಗಂಡನಿಗೆ ಪ್ರೇಮಪತ್ರ ಬರೆದದ್ದು. ಕಣ್ಣಿಗೆ ಬಿದ್ದದ್ದೆಲ್ಲ ಸಮೂಹಕ್ಕೆ ಸೇರಬೇಕಾದ ನಾಡಿನಲ್ಲಿ ಇಬ್ಬರಿಗಷ್ಟೇ ಸೇರಿದ ಮಾತನ್ನು ಕಾಗದದಲ್ಲಿ ಬರೆಯುವುದು ಸಂಚಿನ ಪುರಾವೆಯಾಯಿತು. ಆ ಪತ್ರಗಳಿಗೆ ಅವಳು ಹಾಕುತ್ತಿದ್ದ ಹೆಸರು ‘ಸೇಡಾ’, ಅಂದರೆ ಖಮೇರ್ ರಾಮಾಯಣದ ಸೀತೆ. ತಿಂಗಳುಗಟ್ಟಲೆ ಹಿಂಸಿಸಿ ಅವಳಿಂದ ತಪ್ಪೊಪ್ಪಿಗೆಗಳನ್ನು ಬರೆಸಿ, 1977ರ ಮಾರ್ಚಿನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೊಂದರು. ಎಸ್-21ರ ಕಡತಗಳು ಪತ್ರಗಳನ್ನು ಸಾಕ್ಷ್ಯವೆಂದು ಜೋಪಾನ ಮಾಡಿದ್ದರಿಂದ ಅವು ಉಳಿದವು. ಅವಳ ಹೆಸರಿನಲ್ಲಿ ನಾಮ್ ಪೆನ್‌ನಲ್ಲಿ 2006ರಿಂದ ಒಂದು ದೃಶ್ಯ-ಶ್ರವ್ಯ ದಾಖಲೆಗಳ ಕೇಂದ್ರ ನಡೆಯುತ್ತಿದೆ. ಇನ್ನೊಂದು ದಿನ ಬಿಡುವಿದ್ದವರು ಅಲ್ಲಿಗೂ ಹೋಗಬೇಕು.

ಈ ಸೇವೆಯನ್ನು ಇಷ್ಟು ಮೆಚ್ಚಿದ ಮೇಲೂ ಒಂದು ಕೊರತೆಯನ್ನು ಹೇಳಲೇಬೇಕು. ಅದರ ಬೇರು ಇರುವುದು ಸಂಗ್ರಹಾಲಯದ ಹುಟ್ಟಿನಲ್ಲಿ. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ನಾಮ್ ಪೆನ್ ಸೇರಿ ಖಮೇರ್ ರೂಜ್ ಆಡಳಿತವನ್ನು ಉರುಳಿಸಿದ ಮೇಲೆ, ಅದೇ ವರ್ಷ ಈ ಪ್ರದರ್ಶನವನ್ನು ರೂಪಿಸಲು ಮಾಯ್ ಲಾಮ್ ಎಂಬ ವಿಯೆಟ್ನಾಮಿ ತಜ್ಞನನ್ನು ಕರೆಸಲಾಯಿತು. ಹೊಸದಾಗಿ ಬಂದ ಆಡಳಿತವೂ ಸಮಾಜವಾದದ ಹೆಸರಿನದೇ. ಅದರ ನಾಯಕರಲ್ಲಿ ಹಲವರು ಖಮೇರ್ ರೂಜ್‌ನಿಂದ ಹೊರಬಂದವರು. ಹಾಗಾಗಿ ಪಾತಕವನ್ನೆಲ್ಲ ‘ಪೋಲ್ ಪಾಟ್, ಇಯೆಂಗ್ ಸಾರಿ ಕೂಟ’ದ (ಇಯೆಂಗ್ ಸಾರಿ ಖಮೇರ್ ರೂಜ್ ಆಡಳಿತದ ವಿದೇಶಾಂಗ ಸಚಿವ) ರಾಕ್ಷಸತನವೆಂದು ತೋರಿಸಿ, ಆ ಕೂಟವನ್ನು ನಡೆಸಿದ ವಿಚಾರವನ್ನು ಪ್ರಶ್ನಿಸದೆ ಬಿಡುವುದು ಅನುಕೂಲವಾಗಿತ್ತು. ಬುರುಡೆಗಳನ್ನೇ ಜೋಡಿಸಿ ಮಾಡಿದ್ದ ಕಾಂಬೋಡಿಯದ ನಕ್ಷೆಯೊಂದು 2002ರವರೆಗೂ ಇಲ್ಲಿತ್ತು. ಅದನ್ನು ತೆಗೆದರು, ಒಳ್ಳೆಯದಾಯಿತು. ಇಂದಿನ ನಿರೂಪಣೆ ಆ ಕಾಲದ ಪ್ರಚಾರದ ಧ್ವನಿಯಿಂದ ಬಹಳ ದೂರ ಬಂದಿದೆ, ಸಾಕ್ಷಿಗಳ ಮಾತಿಗೆ ಜಾಗ ಕೊಟ್ಟಿದೆ. ಆದರೂ ಕಟ್ಟಡಗಳ ಜೋಡಣೆ ಮೂಲದಲ್ಲಿ ಅದೇ ಆಗಿರುವುದರಿಂದ, ನಡೆಯುವವನ ದಾರಿ ಮಂಚದಿಂದ ಮುಖಕ್ಕೆ, ಮುಖದಿಂದ ಗೂಡಿಗೆ, ಗೂಡಿನಿಂದ ಬುರುಡೆಗೆ ಸಾಗುತ್ತದೆ. ಸಾಮೂಹಿಕ ಅಡುಗೆಮನೆ, ಭತ್ತದ ಗುರಿ, ಸಂವಿಧಾನದ ವಿಧಿಗಳು ಈ ದಾರಿಯ ಬದಿಯಲ್ಲಿ ಬಂದು ಹೋಗುತ್ತವೆ. ಇಲ್ಲಿ ಸತ್ತವರು ಸಾವಿರಗಳ ಲೆಕ್ಕದಲ್ಲಿ. ನಾಡಿನಾದ್ಯಂತ ಹಸಿವು, ದುಡಿತ, ರೋಗ ಮತ್ತು ಕೊಲೆಗಳಿಂದ ಸತ್ತವರು ಹದಿನೈದರಿಂದ ಇಪ್ಪತ್ತು ಲಕ್ಷವೆಂಬ ಅಂದಾಜಿದೆ, ಅಂದರೆ ಸರಿಸುಮಾರು ನಾಲ್ಕೈದು ಜನರಲ್ಲಿ ಒಬ್ಬರು. ಅವರಲ್ಲಿ ಹೆಚ್ಚಿನವರು ಎಸ್-21ರ ಹೆಸರನ್ನೇ ಕೇಳದೆ ಗದ್ದೆಯಲ್ಲಿ, ಕಾಲುವೆಯ ದಂಡೆಯಲ್ಲಿ ಸತ್ತರು. ಶುರುವಿನ ನಿಲುಗಡೆಯಲ್ಲೇ ಆ ಗದ್ದೆಯನ್ನೂ ಗಂಜಿಯನ್ನೂ ಹತ್ತು ನಿಮಿಷ ವಿವರಿಸಿ, ಆಮೇಲೆ ಕೋಣೆಗಳೊಳಗೆ ಕರೆದೊಯ್ದರೆ ಈ ಮಾರ್ಗದರ್ಶಿ ಈಗಿರುವುದಕ್ಕಿಂತ ಬಹಳ ದೊಡ್ಡದನ್ನು ಹೇಳಿಕೊಡಬಲ್ಲದು.

ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಮೂರು ಗಂಟೆ ಇಟ್ಟುಕೊಳ್ಳಿ. ಮಧ್ಯಾಹ್ನದ ಸೆಕೆಯಲ್ಲಿ ಮೇಲಿನ ಅಂತಸ್ತುಗಳು ಕಷ್ಟ. ಭುಜ ಮತ್ತು ಮಂಡಿ ಮುಚ್ಚುವ ಉಡುಪು ಧರಿಸಿ. ಫೋಟೋ ತೆಗೆಯಬಾರದೆಂದು ಫಲಕವಿರುವಲ್ಲಿ ತೆಗೆಯಬೇಡಿ. ಸಣ್ಣ ಮಕ್ಕಳನ್ನು ಕರೆದೊಯ್ಯುವ ಜಾಗ ಇದಲ್ಲ. ಪ್ರೌಢಶಾಲೆಯ ಕೊನೆಯ ವರ್ಷಗಳ ಮಕ್ಕಳಾದರೆ, ಮೊದಲೇ ಮನೆಯಲ್ಲಿ ಮಾತಾಡಿ ಸಿದ್ಧಪಡಿಸಿ ಕರೆದುಕೊಂಡು ಹೋಗಬಹುದು. ಊರಿಂದ ಸುಮಾರು 15 ಕಿಲೋಮೀಟರ್ ದೂರದ ಚುಂಗ್ ಎಕ್ ವಧಾಸ್ಥಾನವನ್ನು ಅನೇಕರು ಅದೇ ದಿನ ನೋಡುತ್ತಾರೆ. ಅಲ್ಲಿಯೂ ಇಂಥದೇ ಆಡಿಯೊ ಗೈಡ್ ಇದೆ, ಅದೂ ಚೆನ್ನಾಗಿದೆ. ಟುವೊಲ್ ಸ್ಲೆಂಗ್‌ನಿಂದ ಜನರನ್ನು ಕೊಲ್ಲಲು ಲಾರಿಗಳಲ್ಲಿ ಸಾಗಿಸುತ್ತಿದ್ದದ್ದು ಅಲ್ಲಿಗೇ. ಎರಡೂ ಸ್ಥಳಗಳು 2025ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಸಾಧ್ಯವಿದ್ದರೆ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, ನಡುವೆ ಒಂದು ದಿನ ಬಿಡಿ. ಹೊರಡುವ ಮುನ್ನ 1976ರ ಸಂವಿಧಾನದ ಇಂಗ್ಲಿಷ್ ಅನುವಾದವನ್ನು ಹುಡುಕಿ ಓದಿಕೊಳ್ಳಿ. ಅದು ಚಿಕ್ಕದು, ಒಂದೇ ಕೂತದ್ದಕ್ಕೆ ಮುಗಿಯುತ್ತದೆ.